ಲಚ್ಚನ ಮೈಮೇಲಿನ ಸತ್ಯವಂತೆ

"ನಂಬ್ತೀರೋ ಬಿಡ್ತೀರೋ, ಈಗಷ್ಟೇ ಹಾವಿನ ಬಾಯಿಂದ ವಾಪಸ್ ಬಂದೆ," ಅಂತ ಏದುಸಿರು ಬಿಡ್ತಾ ಲಚ್ಚ ಅನ್ನೋ ಕಪ್ಪೆ ಕೆರೆ ದಂಡೆಗೆ ನೆಗೆದ. ಉಳಿದ ಕಪ್ಪೆಗಳೆಲ್ಲ ಸುತ್ತ ಕೂತ್ವು.

ಆಗಿದ್ದಿಷ್ಟು. ಕಪ್ಪೆ ಚರ್ಮಕ್ಕೆ ತಂತಿ ತಾಗಿಸಿದ್ರೆ ಕರೆಂಟು ಅಳೆಯೋ ಮೀಟರಿನ ಮುಳ್ಳು ಅಲ್ಲಾಡತ್ತೆ ಅಂತ ಕಾಲೇಜಿನ ಲ್ಯಾಬ್ ಕಿಟಕಿ ಕೆಳಗೆ ಕೂತು ಲಚ್ಚ ಕೇಳಿಸ್ಕೊಂಡಿದ್ದ. ಅವತ್ತಿಂದ ಅವನ ಕಾಲು ನೆಲದ ಮೇಲೆ ನಿಲ್ತಿರಲಿಲ್ಲ. ಇವತ್ತು ನೀರುಹಾವು ಎದುರಾದಾಗ ಓಡೋದು ಬಿಟ್ಟು ಎದೆ ಉಬ್ಬಿಸಿ ನಿಂತ.

"ಮುಟ್ಟಬೇಡಿ ಹಾವಣ್ಣ, ಮೈಯೆಲ್ಲ ಕರೆಂಟು. ಸುಟ್ಟು ಕರಕಲಾಗ್ತೀರಿ."

ಹಾವು ಸ್ವಲ್ಪ ಹಿಂದೆ ಸರೀತು. "ಹೌದೇನಮ್ಮ?" ಅಂತ ಅವನ ಚರ್ಮವನ್ನೇ ಕೇಳ್ತು.

"ಹೂಂ ಅನ್ನೇ ತಾಯಿ," ಅಂತ ಲಚ್ಚ ಪಿಸುಗುಟ್ಟಿದ.

ಚರ್ಮಕ್ಕೆ ಸುಳ್ಳು ಹೇಳೋಕೆ ಬರಲ್ಲ. "ಕರೆಂಟು ಇರೋದು ನಿಜ ಹಾವಣ್ಣ, ಆದ್ರೆ ಸೊಳ್ಳೆಗೂ ತಾಗಲ್ಲ. ಕೆರೆ ನೀರಲ್ಲಿರೋ ಚೂರುಪಾರು ಉಪ್ಪನ್ನ ಹಗಲೂ ರಾತ್ರಿ ಇವನ ಮೈಯೊಳಗೆ ಎಳ್ಕೊಳ್ಳೋದು ನನ್ನ ಕೆಲಸ. ಎಳೆಯುವಾಗ ಒಂಚೂರು ಕರೆಂಟು ಹುಟ್ಟತ್ತೆ, ಅಷ್ಟೇ."

"ಅಂದ್ರೆ ಉಪ್ಪು ಹಾಕೇ ಇಟ್ಟಿದೀಯ," ಅಂತ ಹಾವು ಬಾಯಿ ತೆರೀತು. ಲಚ್ಚ ಒಂದೇ ನೆಗೆತಕ್ಕೆ ನೀರಿಗೆ ಬಿದ್ದ.

"ಆ ಚರ್ಮಕ್ಕೆ ನಾಲ್ಕು ಬೈಲಿಲ್ವೇನೋ?" ಅಂತ ಒಂದು ಮುದಿ ಕಪ್ಪೆ ಕೇಳ್ತು.

"ಬೈದ್ರೆ ಮುನಿಸ್ಕೊಂಡು ಉಪ್ಪು ಎಳೆಯೋದೇ ನಿಲ್ಸಿಬಿಟ್ರೆ ಸಾಯೋನು ನಾನೇ ಅಲ್ವಾ ಅಜ್ಜ? ಕಿತ್ತು ಬಿಸಾಡೋಣ ಅಂದ್ರೆ ಬರಿಮೈ. ನೀವಾಗಿದ್ರೆ ಏನ್ ಮಾಡ್ತಿದ್ರಿ, ಹೇಳಿ?"