ಒಂಟಿ ಕಾಲಿನ ಉಲ್ಲಂಕಿಗಳು

ಒಂದು ಕಾಂಡ್ಲಾ ಕಾಡಿನಲ್ಲಿ, ಎಂದರೆ ಹೊಳೆ ಕಡಲನ್ನು ಸೇರುವ ಕಡೆ ಕೆಸರಿನಲ್ಲಿ ಬೇರೂರಿ ನಿಲ್ಲುವ ಮರಗಳ ಕಾಡಿನಲ್ಲಿ, ಒಂದು ನರಿ ಇತ್ತು. ಬಲು ಸೋಮಾರಿ. ಬಾಯಿ ಮಾತ್ರ ಚುರುಕು.

ಚಳಿಗಾಲ ಬಂತೆಂದರೆ ದೂರದ ಉತ್ತರದಿಂದ ಉಲ್ಲಂಕಿ ಹಕ್ಕಿಗಳು ಅಲ್ಲಿಗೆ ಬರುತ್ತಿದ್ದವು. ಉದ್ದ ಕೊಕ್ಕು, ಕಡ್ಡಿಯಂಥ ಕಾಲು. ಇಳಿತದ ಹೊತ್ತಿನಲ್ಲಿ ಅವು ಕೆಸರಿನಲ್ಲಿ ಹುಳು ಹೆಕ್ಕುತ್ತಿದ್ದವು. ಉಬ್ಬರ ಬಂದರೆ ಮರಳು ದಿಬ್ಬವೇರಿ, ಒಂದು ಕಾಲನ್ನು ಹೊಟ್ಟೆಯ ಗರಿಯೊಳಗೆ ಮಡಚಿಟ್ಟು, ಒಂಟಿ ಕಾಲಲ್ಲಿ ನಿದ್ದೆ ಮಾಡುತ್ತಿದ್ದವು. ನಿದ್ದೆ ತಿಳಿಯುವ ತನಕ ಒಂಟಿ ಕಾಲಲ್ಲೇ ಕುಪ್ಪಳಿಸುವುದೂ ಅವುಗಳ ಅಭ್ಯಾಸ.

ಆ ವರ್ಷ ದಿಬ್ಬದ ತುಂಬ ಮನುಷ್ಯರ ದೋಣಿ, ನಾಯಿ, ಗದ್ದಲ. ಉಲ್ಲಂಕಿಗಳ ದಂಡಿನ ಹಿರಿಯಳಾದ ನೀಳವ್ವನಿಗೆ ದಿಕ್ಕು ತೋಚಲಿಲ್ಲ. ಅವಳ ಮಗಳು ಚಿಗುರಿಗೆ ಇದು ಮೊದಲ ಪ್ರಯಾಣ. ಮಗಳನ್ನು ಕ್ಷೇಮವಾಗಿ ಮರಳಿ ಕರೆದೊಯ್ಯುವುದೊಂದೇ ತಾಯಿಯ ಚಿಂತೆ.

ನರಿ ಬಂದು ಕುಶಲ ಕೇಳಿತು. ಮರಗಳ ಹಿಂದೆ ಒಂದು ಒಣ ದಿಣ್ಣೆ ಇದೆ, ಅಲ್ಲಿ ನಾಯಿಯಿಲ್ಲ, ಗದ್ದಲವಿಲ್ಲ, ಕಾವಲಿಗೆ ತಾನಿದ್ದೇನೆ ಎಂದು ನಂಬಿಸಿತು. ಹರಿದ ಬಲೆಗಳನ್ನೂ ನೈಲಾನ್ ದಾರವನ್ನೂ ಜನ ವರ್ಷಗಟ್ಟಲೆ ತಂದು ಎಸೆಯುತ್ತಿದ್ದುದು ಅಲ್ಲೇ ಎಂಬುದನ್ನು ಮಾತ್ರ ಹೇಳಲಿಲ್ಲ. ಹಿಂದೊಮ್ಮೆ ಅಲ್ಲಿ ಸಿಕ್ಕಿಬಿದ್ದ ಕೊಕ್ಕರೆಯನ್ನು ಅದು ಕೂತಲ್ಲೇ ತಿಂದು ತೇಗಿತ್ತು.

ದಂಡು ಅಲ್ಲಿಗೆ ಹೋಯಿತು. ದಾರಗಳು ಮರಳಿನಡಿ ಹೂತಿದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಆಮೇಲೆ ದಿನಕ್ಕೊಂದು, ಎರಡು ಹಕ್ಕಿ ಕಾಣೆಯಾದವು. ಅವು ದಕ್ಷಿಣಕ್ಕೆ ಹಾರಿಹೋದವು ಎಂದು ನರಿ ನಿಟ್ಟುಸಿರು ಬಿಟ್ಟಿತು. ನೀಳವ್ವ ನಂಬಿದಳು. ನನಗೆ ಇವತ್ತಿಗೂ ಆ ನರಿಯನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ.

ಒಂದು ಮಧ್ಯಾಹ್ನ ಎಲ್ಲರೂ ಎಂದಿನಂತೆ ಒಂಟಿ ಕಾಲಲ್ಲಿ ನಿಂತಿದ್ದರು. ಚಿಗುರು ಬಿಸಿಲಲ್ಲೂ ನಡುಗುತ್ತಿದ್ದಳು.

"ಆ ಕಾಲು ಇಳಿಸು ಮಗಳೇ," ಎಂದಳು ನೀಳವ್ವ.

"ಆಗೋದಿಲ್ಲ ಅವ್ವಾ."

ನೀಳವ್ವ ಗರಿ ಸರಿಸಿ ನೋಡಿದಳು. ಕೂದಲೆಳೆಯಷ್ಟು ಸಣ್ಣ ದಾರ ಮಾಂಸದೊಳಗೆ ಇಳಿದಿತ್ತು. ಅದರ ಕೆಳಗೆ ಕಾಲು ಕಪ್ಪಾಗಿ ಒಣಗಿತ್ತು. ಅವಳು ದಂಡಿನ ಕಡೆ ತಿರುಗಿದಳು.

"ಎಲ್ಲರೂ ಎರಡನೇ ಕಾಲು ಕೆಳಗಿಡಿ."

ಕೆಲವರು ಇಟ್ಟರು. ಹನ್ನೊಂದು ಹಕ್ಕಿಗಳು ಇಡಲಿಲ್ಲ. ಕೆಲವಕ್ಕೆ ಇಡಲು ಕಾಲೇ ಇರಲಿಲ್ಲ. ತನಗೊಬ್ಬಳಿಗೇ ಹೀಗಾಯಿತೆಂದು ಪ್ರತಿಯೊಬ್ಬಳೂ ನಾಚಿಕೊಂಡು ಸುಮ್ಮನಿದ್ದಳು. ಎಲ್ಲರೂ ಒಂಟಿ ಕಾಲಲ್ಲೇ ನಿಲ್ಲುವ ಕಡೆ ಯಾರದ್ದು ಹೋಗಿದೆ ಎಂದು ಯಾರಿಗೆ ತಿಳಿಯಬೇಕು? ಗೆಳತಿಯರ ನಡುವೆ ಇಷ್ಟು ದಿನ ನಿಂತೂ ತನಗೆ ಏನೂ ಕಾಣಲಿಲ್ಲವಲ್ಲ ಎಂದು ನೀಳವ್ವ ದಂಗಾದಳು.

ಊಟ ಕೈ ತಪ್ಪುವುದೆಂದು ಗೊತ್ತಾದದ್ದೇ ತಡ, ಪೊದೆಯ ಹಿಂದಿದ್ದ ನರಿ ಚಿಗುರಿನ ಮೇಲೆ ಹಾರಿತು. ಅವಳ ರೆಕ್ಕೆ ಗಟ್ಟಿಯಿತ್ತು, ಪುರ್ರನೆ ಮೇಲೆದ್ದಳು. ನರಿ ದಿಣ್ಣೆಯ ನಡುವೆ ಬಿತ್ತು. ಕಾಲು ಬಲೆಯಲ್ಲಿ ಸಿಕ್ಕಿತು. ಕೊಸರಿದಷ್ಟೂ ಬಲೆ ಬಿಗಿಯಾಯಿತು, ಕುತ್ತಿಗೆಗೂ ಸುತ್ತಿಕೊಂಡಿತು.

"ಅಕ್ಕಾ, ಉದ್ದ ಕೊಕ್ಕಿದೆಯಲ್ಲ, ಈ ದಾರ ಕಡಿ," ಎಂದು ಅದು ಅಂಗಲಾಚಿತು.

"ಈ ಕೊಕ್ಕು ಹುಳ ಎಳೆಯೋದಕ್ಕೆ, ದಾರ ಕಡಿಯೋದಕ್ಕಲ್ಲ ನರಿಯಣ್ಣ," ಎಂದಳು ನೀಳವ್ವ. "ಕಡಿಯೋ ಹಾಗಿದ್ದಿದ್ದರೆ ನನ್ನ ಮಗಳ ಕಾಲನ್ನ ಆಗಲೇ ಬಿಡಿಸುತ್ತಿದ್ದೆ."

ದಂಡು ಹಾರಿ ಒಣ ಮರದ ಮೇಲೆ ಕೂತಿತು. ಸಂಜೆಯ ಹೊತ್ತಿಗೆ ನರಿಯ ಕೂಗು ನಿಂತಿತು.

ಮರುದಿನ ಬೆಳಿಗ್ಗೆ ಮೀನುಗಾರನೊಬ್ಬ ಹೆಗಲ ಮೇಲೊಂದು ಗಂಟು ಹೊತ್ತು ಅಲ್ಲಿಗೆ ಬಂದ. ಸತ್ತ ನರಿಯನ್ನು ಕಂಡು ನಿಂತ. "ಅಯ್ಯೋ ಪಾಪ, ಇದ್ನ ಯಾರ್ ಕೊಂದ್ರೋ ಏನೋ," ಎಂದ. ಆಮೇಲೆ ಗಂಟು ಬಿಚ್ಚಿ, ತನ್ನ ಹರಿದ ಬಲೆಯನ್ನು ಅದರ ಮೇಲೇ ಎಸೆದು ಮನೆಗೆ ಹೋದ.

ನೀತಿ: ಅಪಾಯ ಗೊತ್ತಿದ್ದೂ ಲಾಭಕ್ಕಾಗಿ ಮುಚ್ಚಿಟ್ಟವನು ಅದಕ್ಕೇ ಬಲಿಯಾಗುತ್ತಾನೆ, ಯೋಚಿಸದೆ ಎಸೆದವನ ಕೈಯೂ ಕೊಂದ ಕೈಯೇ.