ಮುಚ್ಚಿಹೋದ ತಿರುವು

ಮರಿಲಿಂಗಯ್ಯ ಹೆದ್ದಾರಿ ದುರಸ್ತಿಯ ಗ್ಯಾಂಗ್‌ಮನ್. ಶಾಸಕರ ತೋಟದ ಮನೆಯೆದುರು, ಅವರ ಕಾರು ತಿರುಗಲೆಂದೇ ಡಿವೈಡರ್ ಒಡೆದಿದ್ದರು. ಲಾರಿಗಳೂ ಅಲ್ಲೇ ತಿರುಗುತ್ತಿದ್ದರಿಂದ ದಿನವೂ ಮೈಲಿಗಟ್ಟಲೆ ವಾಹನಗಳು ನಿಲ್ಲುತ್ತಿದ್ದವು. ಊಟದ ಹೊತ್ತು ಮೀರಿದರೂ ಜಾಮ್ ಬಿಡಿಸುತ್ತಿದ್ದ ಮರಿಲಿಂಗಯ್ಯನಿಗೇ ಬೈಗುಳ. ಕೇಳಿ ಕೇಳಿ ಅವನಿಗೆ ಸಾಕಾಗಿತ್ತು.

ಒಂದು ದಿನ ಶಾಸಕರೇ ಜಾಮ್‌ನಲ್ಲಿ ಸಿಕ್ಕಿಕೊಂಡು ಅವನ ಮೇಲೆ ರೇಗಿದರು. "ನಾಳೆ ಜಾಮ್ ಇದ್ರೆ ನೀನು ಕೆಲಸದಲ್ಲಿ ಇರಲ್ಲ!"

"ಏನು ಬೇಕಾದ್ರೂ ಮಾಡ್ಲಾ ಸ್ವಾಮಿ?"

"ಮಾಡೋ!"

ಅವನು ಆ ತಿರುವಿಗೆ ಕಲ್ಲು ಜೋಡಿಸಿ ಸಿಮೆಂಟ್ ಹಾಕಿದ. ಮರುದಿನ ವಾಹನಗಳು ಸರಾಗವಾಗಿ ಹೋದವು.

ಶಾಸಕರ ಕಾರು ಕಲ್ಲಿನ ಮುಂದೆ ನಿಂತಿತು. "ಯಾವನೋ ನನ್ನ ದಾರಿ ಮುಚ್ಚಿದ್ದು?"

"ತಮ್ಮದೇ ಅಪ್ಪಣೆ ಸ್ವಾಮಿ. ಜಾಮ್ ಹುಟ್ತಿದ್ದದ್ದು ಇಲ್ಲೇ. ಒಡೀಲಾ?" ಎಂದು ಹಾರೆ ಎತ್ತಿದ.

ಅಷ್ಟರಲ್ಲಿ ಆ ಮಾತು ಕೇಳಿಸಿಕೊಂಡ ಹಿಂದಿನ ಬಸ್ಸಿನವರು, "ರಸ್ತೆ ಸರಿ ಮಾಡಿಸಿದ ಶಾಸಕರಿಗೆ ಜೈ!" ಎಂದು ಕೂಗಿದರು.

ಶಾಸಕರು ಕಷ್ಟಪಟ್ಟು ನಕ್ಕು ಕೈಮುಗಿದರು. "ಮುಂದೆ ಹೋಗಿ ತಿರುಗಿಸಯ್ಯ," ಎಂದು ಡ್ರೈವರ್‌ಗೆ ಗೊಣಗಿದರು.

ಮರಿಲಿಂಗಯ್ಯ ಸೊಂಟ ಹಿಡಿದುಕೊಂಡು ಕೂತ. ಎಷ್ಟೋ ತಿಂಗಳ ಮೇಲೆ ಅಂದು ಹೊತ್ತಿಗೆ ಸರಿಯಾಗಿ ಮುದ್ದೆ ಉಂಡ.