ಗರಿಗೆ ಮೇವು

ಕಪಾಟಿನಲ್ಲಿದ್ದ ಕಥೆಪುಸ್ತಕವೊಂದು ತನ್ನೊಳಗಿನ ನವಿಲುಗರಿಗೆ ಹೇಳಿತು: "ಮಗಳು ಶಾಂಭವಿ ತೀರಿಕೊಂಡ ಮೇಲೆ ಈ ತಾಯಿಯ ಜೀವ ಹಿಡಿದಿಟ್ಟಿದ್ದು ನಾನು. ದಿನಾ ನನ್ನನ್ನೇ ತೆರೆಯುತ್ತಾಳೆ. ನನ್ನ ಕಥೆಗಳೇ ಅವಳಿಗೆ ಸಮಾಧಾನ."

"ಒಂದು ಸಾಲಾದರೂ ಓದಿದ್ದಾಳೆಯೇ?" ಎಂದಿತು ಗರಿ. "ಆಸ್ಪತ್ರೆಗೆ ಹೊರಡುವಾಗ ಮಗು ನನ್ನನ್ನು ಇಲ್ಲಿಟ್ಟು, 'ಅಮ್ಮಾ, ಇದು ಮರಿ ಹಾಕುತ್ತೆ, ದಿನಾ ಪೆನ್ಸಿಲ್ ಸಿಪ್ಪೆ ತಿನ್ನಿಸು' ಅಂದಿತ್ತು."

"ಹಾಗಿದ್ದರೆ ಒಂದು ಮರಿ ಹಾಕಬಾರದೇ?" ಎಂದು ಪುಸ್ತಕ ಸಿಡುಕಿತು.

"ಉದುರಿದ ಗರಿ ಎಲ್ಲಾದರೂ ಮರಿ ಹಾಕೀತೇ? ಅದು ಆ ತಾಯಿಗೂ ಗೊತ್ತು."

ಅಷ್ಟರಲ್ಲಿ ತಾಯಿ ಬಂದು ಪುಸ್ತಕ ತೆರೆದಳು. ಮಗಳ ಪೆನ್ಸಿಲ್ ಹೆರೆದು, ಸಿಪ್ಪೆಯನ್ನು ಗರಿಯ ಪಕ್ಕ ಉದುರಿಸಿ, ಬೆಳಕು ತಾಗದಂತೆ ಮೆಲ್ಲಗೆ ಮುಚ್ಚಿದಳು.

ಅವಳ ಕೈಯಲ್ಲಿದ್ದ ಪೆನ್ಸಿಲ್ ಆಗಲೇ ಉಗುರಿನಷ್ಟಾಗಿತ್ತು.